ಸಹಾಯ ಬೇಕು: ಮಂಡಿನೋವಿನ ಅಪ್ಪಾಜಿ ಜೊತೆ ಊಟಿಗೋ, ಕೆಮ್ಮಣ್ಣುಗುಂಡಿಗೋ?

ಎಲ್ಲರಿಗೂ ನಮಸ್ಕಾರ್ರೀ. ದಾವಣಗೆರೆ ಬಿಸಿಲಿನ ಬಗ್ಗೆ ನಾನು ಹೇಳೋದೇನೂ ಬೇಡ, ರಾತ್ರಿ ಹತ್ತಾದರೂ ತಾರಸಿ ಕಾದ ಹಂಚಿನಂಗಿರ್ತದೆ. ಮಕ್ಕಳಿಗೆ ರಜೆ, ಅಪ್ಪಾಜಿಗೆ ಮಂಡಿನೋವು. ಎಲ್ಲರನ್ನೂ ಕಾರಲ್ಲಿ ಕೂರಿಸಿಕೊಂಡು ಎರಡು ಮೂರು ದಿನ ತಣ್ಣಗಿರೋ ಕಡೆ ಹೋಗಿ ಬರೋಣ ಅಂತ.

ಮನೆಯವರಿಗೆ ಊಟಿನೇ ಬೇಕಂತೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಇಳಿಯುತ್ತೆ ಅಂತಾರಲ್ಲ, ಆ ಲೆಕ್ಕದಲ್ಲಿ 2240 ಮೀಟರ್ ಎತ್ತರದ ಊಟಿ ಒಳ್ಳೇದೇ. ಆದರೆ ದೂರ. ಮೇಲಾಗಿ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಊಟಿಗೆ ಹೋಗೋ ಗಾಡಿಗಳಿಗೆ 2024ರ ಮೇ ತಿಂಗಳಿಂದ ಬಂದ ಇ-ಪಾಸ್ (ಆನ್‌ಲೈನ್ ಅನುಮತಿ) ಬೇರೆ. ಅದನ್ನು ಮೊಬೈಲಲ್ಲೇ ಮಾಡಿಕೊಂಡವರು ಯಾರಾದರೂ ಇದ್ದರೆ ಹೇಗೆ ಅಂತ ತಿಳಿಸಿ. ರಜೆಯ ಜನಜಂಗುಳಿ ನೆನೆಸಿಕೊಂಡರೆ ನನಗಂತೂ ಅಷ್ಟು ಮನಸ್ಸಿಲ್ಲ.

ನನ್ನ ಒಲವು ಕೆಮ್ಮಣ್ಣುಗುಂಡಿ ಕಡೆ. ಚನ್ನಗಿರಿ, ತರೀಕೆರೆ, ಲಿಂಗದಹಳ್ಳಿ ಮೇಲೆ ಹೋದರಾಯ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬರ್ತಿದ್ದ ಜಾಗ ಅಂದಮೇಲೆ ನಮಗೂ ಸಾಕು! ಅಲ್ಲಿನ ತೋಟಗಾರಿಕೆ ಇಲಾಖೆ ಅತಿಥಿಗೃಹದ ರೂಮು ಈಗ ಹೇಗಿದೆ? ಬಿಸಿನೀರು, ಊಟ ಅಲ್ಲೇ ಸಿಗ್ತದಾ? ಕೊನೆಯ ಘಾಟಿ ರಸ್ತೆ ಸಣ್ಣ ಕಾರಿಗೆ ಆಗುತ್ತಾ?

ಮುಳ್ಳಯ್ಯನಗಿರಿಯ ಮೆಟ್ಟಿಲು ಅಪ್ಪಾಜಿಗೆ ಆಗಲ್ಲ. ಹೆಚ್ಚು ನಡೆಯದೆ ಕೂತು ನೋಡೋ ಜಾಗ ಇದ್ದರೆ ಹೇಳಿ. ಈ ಬೇಸಿಗೆಯಲ್ಲೇ ಹೋಗಿ ಬಂದವರು ಕಾಮೆಂಟಲ್ಲಿ ಬರೆದರೆ ಉಪಕಾರ ಆಗ್ತದೆ. ಶನಿವಾರದೊಳಗೆ ರೂಮ್ ಬುಕ್ ಮಾಡಬೇಕು.