ಅಪ್‌ಡೇಟ್: ಮಾರ್ಕ್ 4 ಹೆಡ್‌ಲೈಟ್ ಮುಚ್ಚಳದ ಕಾಟ ತಪ್ಪಿತು

ಹತ್ತು ದಿನದ ಹಿಂದೆ ಕೇಳಿದ್ದೆ, ನೆನಪಿದೆ ಅಲ್ವಾ? ಇಲ್ಲಿ ಮಿಶಿಗನ್‌ನಲ್ಲಿ ನನ್ನ ಹತ್ತಿರ 1973ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 4 ಕಾರು ಇದೆ. ಲೈಟ್ ಆರಿಸಿದಾಗ ಹೆಡ್‌ಲೈಟ್‌ಗಳ ಮುಂದೆ ಮುಚ್ಚಳ ಮುಚ್ಚಿಕೊಳ್ಳಬೇಕು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹೊತ್ತಿಗೆ ಹೆಡ್‌ಲೈಟ್ ಮುಚ್ಚಳಗಳು ತಾವೇ ತೆರೆದುಕೊಂಡಿರುತ್ತಿದ್ದವು.

ಲೈಟ್ ಸ್ವಿಚ್ ಬದಲಿಸಿ ಎಂದಿದ್ದಿರಿ. ಬದಲಿಸಿದೆ, ಏನೂ ಆಗಲಿಲ್ಲ. ಮುಚ್ಚಳ ಎಳೆಯುವ ಡಯಾಫ್ರಮ್‌ಗೆ (ಗಾಳಿ ಹೀರಿದಾಗ ಸರಿಯುವ ರಬ್ಬರ್ ಪರದೆ) ಗಾಳಿ ಹೀರುವ ಕೈಪಂಪ್ ಹಾಕಿ ನೋಡಿದೆ. ಪಂಪ್ ಮೀಟರ್‌ನ ಮುಳ್ಳು ಅರ್ಧ ಗಂಟೆಯಾದರೂ ಅಲುಗಲಿಲ್ಲ, ಅಂದರೆ ಡಯಾಫ್ರಮ್ ಸೋರುತ್ತಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು "ಮೊದಲು ಚೆಕ್ ವಾಲ್ವ್ ಬಿಚ್ಚಿ, ಎರಡೂ ಕಡೆಯಿಂದ ಊದಿ ನೋಡಿ" ಎಂಬ ಸಲಹೆ. ಗಾಳಿ ಒಂದೇ ಕಡೆ ಹೋಗಬೇಕಿತ್ತು, ಎರಡೂ ಕಡೆ ಹೋಯಿತು! ಅದರ ಪಕ್ಕದ ರಬ್ಬರ್ ಪೈಪ್ ಬಗ್ಗಿಸಿದರೆ ಒಣ ಸೌತೆಬಳ್ಳಿಯ ಹಾಗೆ ಬಿರುಕು ಬಿಟ್ಟಿತ್ತು. ಎರಡನ್ನೂ ಬದಲಿಸಿದೆ. ನಾಲ್ಕು ರಾತ್ರಿಯಿಂದ ಮುಚ್ಚಳ ಕದಲಿಲ್ಲ.

ಹೊಸದಾಗಿ ತಿಳಿದದ್ದು ಇದು. ಎಂಜಿನ್ ಗಾಳಿ ಹೀರಿ ಉಂಟಾಗುವ ಸೆಳೆತ, ಅಂದರೆ ವ್ಯಾಕ್ಯೂಮ್, ಮುಚ್ಚಳವನ್ನು ಮುಚ್ಚಿ ಹಿಡಿಯುತ್ತದೆ, ಅದು ಸೋರಿದರೆ ಸ್ಪ್ರಿಂಗ್ ತೆರೆಯುತ್ತದೆ. ಹಾಗಾಗಿ ರಾತ್ರಿ ರಸ್ತೆಯಲ್ಲಿ ಪೈಪ್ ಕೈಕೊಟ್ಟರೂ ಬೆಳಕು ಇರುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ!

ಬಿಡಿಭಾಗ ಹುಡುಕುವವರು ಅದೇ ಕಾಲದ ಫೋರ್ಡ್ ಥಂಡರ್‌ಬರ್ಡ್ ಪಟ್ಟಿಯನ್ನೂ ನೋಡಿ. 1972ರಿಂದ 1976ರವರೆಗೆ ಎರಡಕ್ಕೂ ಅಡಿಪಾಯ ಒಂದೇ, ಎಷ್ಟೋ ಭಾಗ ಹೊಂದುತ್ತದೆ. ಆದರೆ ಹೊರಗಿನ ಅಲಂಕಾರದ ತುಂಡುಗಳು, ಹೆಡ್‌ಲೈಟ್ ಮುಚ್ಚಳದ ಭಾಗಗಳು ಅದರಲ್ಲಿ ಸಿಗಲ್ಲ, ಅವಕ್ಕೆ ಜಾಸ್ತಿ ಹುಡುಕಬೇಕು. ಊದಿ ನೋಡಲು ಹೇಳಿದವರಿಗೆ ತುಂಬಾ ಥ್ಯಾಂಕ್ಸ್.