ಸಹಾಯ ಬೇಕು: ಎಂ.ಎ. ಸೇರಿದ ಹೊಸಬರಿಗೆ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯವಳು, ಅರ್ಥಶಾಸ್ತ್ರ ಎಂ.ಎ. ಮೂರನೇ ಸೆಮಿಸ್ಟರ್. ಈ ವರ್ಷ ಸೇರಿದ ಜೂನಿಯರ್‌ಗಳು ತುಂಬಾ ಒದ್ದಾಡುತ್ತಿದ್ದಾರೆ. ಡಿಗ್ರಿ ಪೂರ್ತಿ ಕನ್ನಡದಲ್ಲಿ ಓದಿ ಬಂದವರಿಗೆ ಇಲ್ಲಿ ಇಂಗ್ಲಿಷಿನಲ್ಲೇ ಸೆಮಿನಾರ್.

ನಿನ್ನೆ ಒಬ್ಬಳು ಎರಡು ಸಾಲು ಓದಿ ಅತ್ತೇಬಿಟ್ಟಳು. ಅವಳ ಹಾಳೆ ನೋಡಿದೆ. ಪ್ರತಿ ಇಂಗ್ಲಿಷ್ ಪದದ ಮೇಲೂ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡಿದ್ದಳು. ಕರುಳು ಚುರ್ ಎಂದಿತು. ಎಸ್ಟೇಟ್ ಕಾರ್ಮಿಕರ ಲೈನ್ ಮನೆಯ ಹುಡುಗಿ, ಮನೆಯಲ್ಲಿ ಕೇಳೋಣ ಅಂದರೆ ಓದಿದವರೇ ಇಲ್ಲ.

ಶೋಧಗಂಗಾ ಅನ್ನೋ ವೆಬ್‌ಸೈಟಿನಲ್ಲಿ ಪಿಎಚ್‌ಡಿ ಪ್ರಬಂಧಗಳನ್ನು ಪುಕ್ಕಟೆ ಓದಬಹುದು ಅಂತ ತೋರಿಸಿಕೊಟ್ಟೆ. ಅಷ್ಟೇ ಸಾಲದು ಅಲ್ವಾ?

ಎಂ.ಎ. ಮುಗಿಸಿದವರು, ಕೆ-ಸೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಜ್ಯ ಅರ್ಹತಾ ಪರೀಕ್ಷೆ) ಪಾಸಾದವರು ಯಾರಾದರೂ ಭಾನುವಾರ ಒಂದು ಗಂಟೆ ಕುಶಾಲನಗರಕ್ಕೆ ಬರುತ್ತೀರಾ? ಸೆಮಿನಾರ್ ತಯಾರಿ, ನೋಟ್ಸ್ ಮಾಡುವ ಕ್ರಮ ಹೇಳಿಕೊಟ್ಟರೆ ಸಾಕು. ಮಳೆ ಜಾಸ್ತಿ ಇದ್ದರೆ ಫೋನಿನಲ್ಲಾದರೂ ಸರಿ. ದಯವಿಟ್ಟು ಇನ್‌ಬಾಕ್ಸ್‌ಗೆ ತಿಳಿಸಿ.