ಮಲ್ಪೆ ಮನೆ ಗುಂಪಲ್ಲಿ ಡೀಸೆಲ್ ಜಗಳ

ಸಂತು (ಫಾರ್ವರ್ಡ್): ಬೋಟು ಮಾಲಕರೇ ಗಮನಿಸಿ!! ಡೀಸೆಲ್ ಟ್ಯಾಂಕಲ್ಲಿ ಕಪ್ಪು ಲೋಳೆ? ಫಿಲ್ಟರ್ ಜಾಮ್? ಇನ್ನು ಟ್ಯಾಂಕ್ ತೊಳೆಯುವ ಖರ್ಚೇ ಬೇಡ. ಎಂಜೈಮ್ ಹನಿಗಳು ಫಂಗಸ್ಸನ್ನು ಬೇರು ಸಮೇತ ಕರಗಿಸಿ, ನೀರನ್ನೂ ಮಾಯ ಮಾಡಿ, ಮೈಲೇಜ್ ಹೆಚ್ಚಿಸುತ್ತವೆ. ವಿಷವಿಲ್ಲ, ಕೆಮಿಕಲ್ ಇಲ್ಲ, 100% ಜೈವಿಕ. ಎಲ್ಲ ಬೋಟ್ ಗುಂಪುಗಳಿಗೂ ಕಳಿಸಿ.

ಸಂತು: ಚಿಕ್ಕಪ್ಪ ನೋಡಿ, ನನ್ನ ಫ್ರೆಂಡ್ ಹತ್ರ ಸ್ಟಾಕ್ ಉಂಟು, ಸೀಸನ್ ಓಪನ್ ಆಗುದ್ರೊಳಗೆ ತರಿಸುವಾ, ರೇಟ್ ನಾನು ಮಾತಾಡ್ತೇನೆ

ಚಿಕ್ಕಪ್ಪ: ಎಷ್ಟಂತೆ. ನಮ್ದು ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ಕ್ಕೆ ಬಂದರಿನ ಧಕ್ಕೆಯಲ್ಲಿ ಕಟ್ಟಿದ ಬೋಟು, ಟ್ಯಾಂಕಲ್ಲಿ ಅರ್ಧಕ್ಕಿಂತ ಕಮ್ಮಿ ಎಣ್ಣೆ ಇತ್ತು ನಿನ್ನೆ ಡ್ರೈನ್ ಬಿಟ್ಟು ನೋಡಿದ್ರೆ ಕರೀ ಲೋಳೆ ಬಂತು ಮಾರಾಯ, ಕೊಳೆತ ಮೊಟ್ಟೆ ವಾಸನೆ ಬೇರೆ, ಹುಡುಗರು ಮೂಗು ಮುಚ್ಚಿ ಓಡಿದ್ರು

ವೀಣಕ್ಕ: ಸಂತು, ಕೆಮಿಕಲ್ ಇಲ್ಲ ಅಂತ ಓದಿದ ಕೂಡ್ಲೇ ನಿಂಗೆ ಡೌಟ್ ಬರ್ಲಿಲ್ವಾ? ಎಂಜೈಮ್ ಅಂದ್ರೂ ಕೆಮಿಕಲ್ಲೇ, ಪ್ರೋಟೀನ್. ಯಾವ ಎಂಜೈಮ್ ಅಂತ ಬಾಟಲಿ ಮೇಲೆ ಬರ್ದಿದ್ಯಾ ಮೊದ್ಲು ಅದು ಕೇಳು ನಿನ್ನ ಫ್ರೆಂಡ್ ಹತ್ರ

ಸಂತು: ಶುರುವಾಯ್ತು ಮೇಡಂ ಕ್ಲಾಸು

ವೀಣಕ್ಕ: ಹೌದು ಮೈಕ್ರೋಬಯಾಲಜಿ ಕಲಿಸಿ ಹೊಟ್ಟೆ ಹೊರೆಯುವವಳು ನಾನು, ಮತ್ತೆ ಎಂತ ಹೇಳ್ಲಿ

ಭಾವ: ಈಗ ಹಡಗಲ್ಲಿ ನೆಟ್ ಸಿಕ್ತು. ಮಾವ ಆ ವಾಸನೆ ಒಳ್ಳೇದಲ್ಲ. ಅದು ಬರೀ ಫಂಗಸ್ಸಿದ್ದಲ್ಲ, ಅಡಿಯಲ್ಲಿ ನೀರು ನಿಂತು ಗಾಳಿ ಆಡದ ಕಡೆ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಬೆಳೆದಿದೆ, ಹೈಡ್ರೋಜನ್ ಸಲ್ಫೈಡ್ ಬಿಡ್ತದೆ ಅದು, ಟ್ಯಾಂಕಿನ ಅಡಿ ತಗಡಿಗೆ ತೂತು ಬೀಳುದು ಹಾಗೇ. ಸಲ್ಫೇಟ್ ಧಾರಾಳ ಇರುದು ಉಪ್ಪುನೀರಲ್ಲಿ, ಹಾಗಾಗಿ ನಂಗೆ ಡೌಟು ಡೆಕ್ಕಿನ ಮೇಲಿನ ಫಿಲ್ಲರ್ ಕ್ಯಾಪಿಂದ ಸಮುದ್ರದ ನೀರೇ ಇಳಿದಿದೆ ಅಂತ. ಆ ಕ್ಯಾಪಿನ ರಬ್ಬರ್ ರಿಂಗ್ ನೋಡಿದ್ರಾ?

ಚಿಕ್ಕಪ್ಪ: ರಿಂಗ್ ಎಲ್ಲಿ ಉಂಟು, ಹಳೇ ಟ್ಯೂಬ್ ಕಟ್ ಮಾಡಿ ಹಾಕಿದ್ದು

ಭಾವ: ಮುಗೀತು

ಚಿಕ್ಕಪ್ಪ: ಅದು ಮೊದ್ಲಿಂದ್ಲೂ ಹಾಗೇ ಇತ್ತಪ್ಪ. ಮೊದ್ಲು ಈ ಲೋಳೆಯೆಲ್ಲ ಇರ್ಲಿಲ್ಲ, ಬಿಎಸ್ 6 ಡೀಸೆಲ್ ಬಂದ ಮೇಲೇ ಶುರು. ಧಕ್ಕೆಯಲ್ಲಿ ಎಲ್ಲರೂ ಅದೇ ಹೇಳುದು

ವೀಣಕ್ಕ: ಚಿಕ್ಕಪ್ಪ 2020 ಏಪ್ರಿಲಿಂದ ಗಂಧಕ 50 ಪಿಪಿಎಂ (ಅಂದ್ರೆ ಹತ್ತು ಲಕ್ಷದಲ್ಲಿ 50 ಪಾಲು) ಇದ್ದದ್ದು 10ಕ್ಕೆ ಇಳೀತು ಹೌದು, ಆದ್ರೆ ಈ ಹುಳ ಹೊಸತಲ್ಲ. 1950ರ ದಶಕದ ಕೊನೆಗೇ ಅಮೆರಿಕದ ವಾಯುಸೇನೆ ವಿಮಾನಗಳ ಟ್ಯಾಂಕಲ್ಲಿ ಇದೇ ಲೋಳೆ ಸಿಕ್ಕಿತ್ತು. ಸೀಮೆಎಣ್ಣೆ ಫಂಗಸ್ ಅಂತ್ಲೇ ಹೆಸರು, ಪುಸ್ತಕದಲ್ಲಿ ಹಾರ್ಮೋಕೋನಿಸ್ ರೆಸಿನೆ ಅಂತಾರೆ. ಅದು ಇರುದು ನೀರಲ್ಲಿ, ತಿನ್ನುದು ಎಣ್ಣೆ, ಎರಡೂ ಸೇರುವ ಗಡಿಯಲ್ಲಿ ಚಾಪೆ ಹಾಸಿಕೊಂಡು ಕೂತಿರ್ತದೆ. ನೀರಿಲ್ಲ ಅಂದ್ರೆ ಬೆಳೆಯುದೇ ಇಲ್ಲ. ಬಂಕಿನ ಡೀಸೆಲ್ಲಲ್ಲಿ ನೀರು ಕೇಜಿಗೆ 200 ಮಿಲಿಗ್ರಾಂ ಮೀರಬಾರ್ದು ಅಂತ ರೂಲ್, ಆ ಲೆಕ್ಕದಲ್ಲಿ ರೂಲ್ ಪಾಲಿಸಿದ 5000 ಲೀಟರಲ್ಲೂ ಮುಕ್ಕಾಲು ಲೀಟರಿಗಿಂತ ಜಾಸ್ತಿ ನೀರು ಇರ್ಬಹುದು. ಅದರ ಮೇಲೆ ಎರಡು ತಿಂಗಳು ಮಳೆಗಾಲದ ಗಾಳಿ ವೆಂಟ್ ಪೈಪಲ್ಲಿ ಒಳಗೆ ಹೋಗಿ ಬಂದು ಟ್ಯಾಂಕಿನ ಖಾಲಿ ಗೋಡೆಯಲ್ಲಿ ಬೆವರಾಗಿ ಇಳೀತದೆ

ಚಿಕ್ಕಪ್ಪ: ಟ್ಯಾಂಕ್ ಫುಲ್ ಮಾಡಿ ಕಟ್ಟಬೇಕು ಅಂತ ಇನ್ನು ಹೇಳ್ಬೇಡ. ನಾಲ್ಕು ಲಕ್ಷದ ಎಣ್ಣೆ ಎರಡು ತಿಂಗಳು ಸುಮ್ನೆ ಕೂರಿಸಿದ್ರೆ ಕಲಾಸಿಗಳಿಗೆ ಅಡ್ವಾನ್ಸ್ ನೀನು ಕೊಡ್ತೀಯಾ

ಸಂತು: ಅದಕ್ಕೇ ಹೇಳುದು ಚಿಕ್ಕಪ್ಪ, ಒಂದು ಬಾಟಲಿ ಹಾಕಿ ಆಯ್ತು

ಭಾವ: ಪ್ರೋಟೀನು ಎಣ್ಣೆಯಲ್ಲಿ ಕರಗುದೇ ಇಲ್ಲ ಸಂತು, ಡೀಸೆಲ್ಲಲ್ಲಿ ಎಂಜೈಮ್ ಕೆಲಸ ಮಾಡುದು ಅಂದ್ರೆ ಪಕ್ಕಾ ಟೋಪಿ

ವೀಣಕ್ಕ: ಅದು ಹಾಗಲ್ಲ ಇವರೇ. 1984ರಲ್ಲಿ ಝಾಕ್ಸ್ ಮತ್ತೆ ಕ್ಲಿಬನೊವ್ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದ್ದಾರೆ, ಹಂದಿಯ ಮೇದೋಜೀರಕದ ಲೈಪೇಸು ಹೆಚ್ಚುಕಮ್ಮಿ ನೀರೇ ಇಲ್ಲದ ದ್ರಾವಕದಲ್ಲಿ 100 ಡಿಗ್ರಿ ಬಿಸಿಯಲ್ಲೂ ಕೆಲಸ ಮಾಡಿತ್ತು, ಕರಗದೆ ಪುಡಿಯಾಗಿ ಇದ್ದುಕೊಂಡೇ. ಎಣ್ಣೆಯಲ್ಲಿ ಎಂಜೈಮ್ ಆಗುದೇ ಇಲ್ಲ ಅನ್ನುವ ಹಾಗಿಲ್ಲ

ಸಂತು: ನೋಡಿ!! ಅಕ್ಕನೇ ಒಪ್ಪಿದ್ಲು. ಸ್ಕ್ರೀನ್‌ಶಾಟ್ ತೆಗ್ದೆ

ವೀಣಕ್ಕ: ಪೂರ್ತಿ ಓದು ಮಾರಾಯ. ಲ್ಯಾಬಲ್ಲಿ ಒಂದು ಎಂಜೈಮು ಒಂದು ಕೆಲಸ ಮಾಡಿದ್ದಕ್ಕೂ ನಿನ್ನ ಬಾಟಲಿ ಚಿಕ್ಕಪ್ಪನ ಟ್ಯಾಂಕಲ್ಲಿ ಮಾಡ್ತದೆ ಅನ್ನುದಕ್ಕೂ ತುಂಬಾ ದೂರ ಉಂಟು. ಲೋಳೆ ಅಂದ್ರೆ ಸಕ್ಕರೆ ಸರಪಳಿ, ಪ್ರೋಟೀನು, ಡಿಎನ್ಎ ಎಲ್ಲ ಸೇರಿದ ಅಂಟು, ಅದರೊಳಗೆ ಜೀವಿಗಳು ಅಡಗಿರುದು. ಆ ಅಂಟನ್ನು ಕತ್ತರಿಸುವ ಎಂಜೈಮ್ ನಿಜಕ್ಕೂ ಉಂಟು, ಬಟ್ಟೆ ಸೋಪಿನ ಪುಡಿಯಲ್ಲೂ ಆ ಜಾತಿದೇ ಇರುದು. ಆದ್ರೆ ಒಂದೊಂದು ಎಂಜೈಮ್ ಒಂದೊಂದೇ ಗಂಟು ಬಿಚ್ಚುದು, ಹೆಚ್ಚಿನದಕ್ಕೆ ನೀರೂ ಬೇಕು. ನೀರಿನ ಪದರದಲ್ಲಿ ಎಷ್ಟು ಹೊತ್ತು, ಎಷ್ಟು ಉಪ್ಪಲ್ಲಿ ಉಳಿತದೆ ಅಂತ ಮಾರುವವ ಹೇಳ್ಬೇಕಲ್ವಾ. ಹೆಸರೇ ಹೇಳದವ ಅದೆಲ್ಲ ಎಲ್ಲಿ ಹೇಳ್ತಾನೆ

ದೊಡ್ಡಮ್ಮ: ಮಾಂಸ ಬೇಯದಿದ್ರೆ ಪಪ್ಪಾಯಿ ಕಾಯಿ ಹಾಕ್ತೇವಲ್ಲ ವೀಣಾ ಹಾಗೇಯಾ ಇದು

ವೀಣಕ್ಕ: ಕರೆಕ್ಟ್ ದೊಡ್ಡಮ್ಮ!! ಪಪ್ಪಾಯಿಯಲ್ಲಿರುದೂ ಎಂಜೈಮೇ, ಪಪೈನ್ ಅಂತ. ಮಾಂಸ ಮೆತ್ತಗಾಗ್ತದೆ, ಆದ್ರೆ ಪಾತ್ರೆಯಿಂದ ಮಾಯ ಆಗ್ತದಾ?

ದೊಡ್ಡಮ್ಮ: ಎಲ್ಲಿ ಮಾಯ, ಪುಡಿಪುಡಿಯಾಗಿ ಸಾರೆಲ್ಲ ಕಲಡು

ಭಾವ: ಮಾವ, ದೊಡ್ಡಮ್ಮ ಹೇಳಿದ್ದೇ ನಿಮ್ಮ ಟ್ಯಾಂಕಿನ ಕಥೆ. ಈಗ ಅಡಿಯಲ್ಲಿ ಗಟ್ಟಿಯಾಗಿ ಕೂತ ಲೋಳೆ ಸಡಿಲ ಆದ್ರೆ ಎಲ್ಲಿ ಹೋಗ್ತದೆ? ಫಿಲ್ಟರಿಗೆ. ಧಕ್ಕೆಯಲ್ಲಿ ಆದ್ರೆ ತೊಂದ್ರೆ ಇಲ್ಲ, ಆಳಸಮುದ್ರದಲ್ಲಿ ಬಲೆ ಬಿಟ್ಟಿರುವಾಗ ತೂಫಾನು ಎದ್ದು ಬೋಟು ಅಲ್ಲಾಡಿ ಎಲ್ಲ ಒಟ್ಟಿಗೆ ಎದ್ದು ಬಂದ್ರೆ ಇಂಜಿನ್ ಕೆಮ್ಮಿ ನಿಲ್ತದೆ. ಬಾಟಲಿ ಕೆಲಸ ಮಾಡ್ಲಿಲ್ಲ ಅಂದ್ರೆ ದುಡ್ಡು ದಂಡ ಅಷ್ಟೇ, ಚೆನ್ನಾಗಿ ಕೆಲಸ ಮಾಡಿದ್ರೇ ನಂಗೆ ಜಾಸ್ತಿ ಭಯ

ಚಿಕ್ಕಪ್ಪ: ಹೋದ ಸೀಸನ್ನಲ್ಲಿ ಪಕ್ಕದ ಬೋಟಿನವ್ರಿಗೆ ಹಾಗೇ ಆಗಿ ಬೇರೆ ಬೋಟು ಎಳ್ಕೊಂಡು ಬಂದದ್ದು. ಬಾಟಲಿ ಹಾಕಿ ಅಲ್ಲ, ಸುಮ್ನೇ

ಸಂತು: ನೀರು ಮಾಯ ಆಗ್ತದೆ ಅಂತ ಉಂಟಲ್ಲ, ನೀರಿಲ್ಲದಿದ್ರೆ ಹುಳವೂ ಇಲ್ಲ, ಅಕ್ಕನೇ ಹೇಳಿದ್ದು

ಭಾವ: ನೀರು ಮಾಯ ಆಗುದು ಅಂದ್ರೆ ಸಣ್ಣ ಸಣ್ಣ ಹನಿಯಾಗಿ ಎಣ್ಣೆಯೊಳಗೆ ಹರಡುದು. ಆಮೇಲೆ ವಾಟರ್ ಸೆಪರೇಟರಲ್ಲಿ ಅದು ಬೇರೆ ಆಗುದಿಲ್ಲ, ಸೀದಾ ಪಂಪಿಗೂ ಇಂಜೆಕ್ಟರಿಗೂ ಹೋಗ್ತದೆ. ಹಳೇ ಲೇಲ್ಯಾಂಡ್ ಇಂಜಿನ್ ಸ್ವಲ್ಪ ತಡೀಬಹುದು, ಹೊಸ ಕಾಮನ್ ರೈಲ್ ಇಂಜಿನ್ ಆದ್ರೆ ಇಂಜೆಕ್ಟರ್ ಬಿಲ್ ನೋಡಿ ಅಳ್ಬೇಕು. ನಮ್ಮ ಹಡಗಲ್ಲಿ ನೀರು ಅಡಿಗೆ ಇಳಿಯಲಿಕ್ಕೆ ಬಿಡುವ ಸೆಟ್ಲಿಂಗ್ ಟ್ಯಾಂಕಿನ ಡ್ರೈನ್ ಬಿಡದ ಡ್ಯೂಟಿ ಪಾಳಿ ಇಲ್ಲ, ಆಮೇಲೆ ಪ್ಯೂರಿಫೈಯರ್ ತಿರುಗಿಸಿ ನೀರು ಬೇರೆ ಮಾಡುದು. ನೀರನ್ನು ತೆಗೆಯುದು, ಕಲಸುದಲ್ಲ. ಮೈಲೇಜ್ ವಿಷಯ ಬಿಡಿ, ಅದು ಎಲ್ಲ ಬಾಟಲಿ ಮೇಲೂ ಇರ್ತದೆ

ಭಾವ: ಹುಳ ಸಾಯ್ಬೇಕು ಅಂದ್ರೆ ಬಯೋಸೈಡ್ ಹಾಕಿ, ಸುಮ್ನೆ ಎಂಜೈಮ್ ಯಾಕೆ

ವೀಣಕ್ಕ: ಇದು ಸರಿ. ಅಮೆರಿಕದಲ್ಲಿ ಸೂಕ್ಷ್ಮಜೀವಿ ಕೊಲ್ತದೆ ಅಂತ ಹೇಳಿ ಮಾರ್ಬೇಕಾದ್ರೆ ಕೀಟನಾಶಕದ ಕಾನೂನಲ್ಲಿ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಹತ್ರ ರಿಜಿಸ್ಟರ್ ಮಾಡಿಸ್ಬೇಕು, ಡೇಟಾ ಕೊಡ್ಬೇಕು. ರಿಜಿಸ್ಟರ್ ಇಲ್ಲದ ಬಾಟಲಿಯಲ್ಲಿ ಕೊಲ್ತದೆ ಅಂತ ಬರೆಯುವ ಹಾಗಿಲ್ಲ. ಈ ಫಾರ್ವರ್ಡ್ ಇನ್ನೊಮ್ಮೆ ಓದಿ, ಕರಗಿಸ್ತದೆ, ಮಾಯ ಮಾಡ್ತದೆ, ಕೊಲ್ತದೆ ಅಂತ ಎಲ್ಲೂ ಇಲ್ಲ

ಸಂತು: ಭಾವ ನಿಮ್ಮ ಬಯೋಸೈಡ್ ಭಾರೀ ಸೇಫಾ? ಈಗ ಹುಡುಕಿದೆ. 2020 ಫೆಬ್ರವರಿ, ಲಂಡನ್ ಗ್ಯಾಟ್ವಿಕ್, ಎ321 ವಿಮಾನ, ಟ್ಯಾಂಕಿಗೆ ಬಯೋಸೈಡ್ ಹಾಕಿದ್ದಕ್ಕೆ ಮೇಲೆ ಹೋದ ಮೇಲೆ ಎರಡೂ ಇಂಜಿನ್ ತೊಂದ್ರೆ ಕೊಟ್ಟು ತಿರುಗಿ ಬಂದು ಇಳಿಸಿದ್ದು. ಇದಕ್ಕೆ ಎಂತ ಹೇಳ್ತೀರಿ

ಭಾವ: ಒಳ್ಳೇ ಪಾಯಿಂಟ್ ತಂದೆ ಮಾರಾಯ. ಅದು ಹೌದು. ಅಲ್ಲಿ ಪಿಪಿಎಂ ಲೆಕ್ಕ ತಪ್ಪಿ ಹಾಕ್ಬೇಕಾದ್ದಕ್ಕಿಂತ 38 ಪಟ್ಟು ಹಾಕಿದ್ರು. ಆ ಮದ್ದು ಮಾಡುವ ಕಂಪನಿಯವ್ರು ಆಮೇಲೆ ಅದನ್ನು ವಿಮಾನಕ್ಕೆ ಕೊಡುದೇ ನಿಲ್ಲಿಸಿದ್ರು. ಅದಕ್ಕೇ ಅಂದಾಜಲ್ಲಿ ಚೊಂಬು ಸುರಿಯುದು ಬೇಡ, ಟ್ಯಾಂಕಲ್ಲಿ ಎಷ್ಟು ಲೀಟರ್ ಉಂಟು ಅಂತ ಅಳೆದು ಲೇಬಲ್ಲಲ್ಲಿ ಇದ್ದಷ್ಟೇ. ಕೈಗೆ ಗ್ಲೌಸ್ ಬೇಕೇ ಬೇಕು, ಚರ್ಮಕ್ಕೆ ತಾಗಿದ್ರೆ ಅಲರ್ಜಿ ಬರ್ತದೆ. ಮತ್ತೆ ಸತ್ತ ಲೋಳೆಯೂ ಲೋಳೆಯೇ, ಅದೂ ಫಿಲ್ಟರ್ ಕಟ್ತದೆ. ಯಾವ ಬಾಟಲಿ ಹಾಕಿದ್ರೂ ಟ್ಯಾಂಕ್ ತೊಳೆಯುದು ತಪ್ಪುದಿಲ್ಲ ಮಾವ

ಚಿಕ್ಕಪ್ಪ: ಅಂತೂ ಇಬ್ಬರೂ ಸೇರಿ ಖರ್ಚಿಗೆ ದಾರಿ ಮಾಡಿದ್ರಿ. ಆಯ್ತು ನಾಳೆ ಹುಡುಗರನ್ನು ಟ್ಯಾಂಕಿಗೆ ಇಳಿಸ್ತೇನೆ

ಭಾವ: ಬೇಡ ಬೇಡ ಬೇಡ. ಮಾವ ಯಾರೂ ತಲೆ ಒಳಗೆ ಹಾಕ್ಬಾರ್ದು!!! ಆ ಮೊಟ್ಟೆ ವಾಸನೆಯ ಗ್ಯಾಸ್ ಜಾಸ್ತಿ ಆದ್ರೆ ಮೂಗಿಗೆ ವಾಸನೆಯೇ ಗೊತ್ತಾಗುದಿಲ್ಲ, ಹೋಯ್ತು ಅಂತ ಒಳಗೆ ಇಳಿದವ ಅಲ್ಲೇ ಬೀಳ್ತಾನೆ, ಅವನನ್ನು ಎತ್ತಲಿಕ್ಕೆ ಇಳಿದವನೂ ಬೀಳ್ತಾನೆ. ಮೇಲಿಂದಲೇ ಪಂಪ್ ಹಾಕಿ ಎಣ್ಣೆ ಡ್ರಮ್ಮಿಗೆ ತೆಗೀರಿ, ಫಿಲ್ಟರ್ ಮಾಡಿ ವಾಪಸ್ ಹಾಕ್ಬಹುದು. ಅಡಿಯ ಲೋಳೆ ನೀರು ಬೇರೆ ಡ್ರಮ್ಮಿಗೆ, ಅದನ್ನು ಹೊಳೆಗೆ ಬಿಡ್ಬೇಡಿ. ಒಳಗೆ ಉಜ್ಜಲಿಕ್ಕೆ ಟ್ಯಾಂಕ್ ಕ್ಲೀನ್ ಮಾಡುವವ್ರನ್ನೇ ಕರೀರಿ, ಗ್ಯಾಸ್ ಮೀಟರ್ ಇದ್ದವ್ರನ್ನು

ದೊಡ್ಡಮ್ಮ: ಅಯ್ಯೋ ಯಾರನ್ನೂ ಇಳಿಸ್ಬೇಡಿಯಪ್ಪ, ಹುಡುಗರ ಮನೆಯವ್ರಿಗೆ ಎಂತ ಹೇಳುದು

ಚಿಕ್ಕಪ್ಪ: ಇಳಿಸುದಿಲ್ಲ ಅತ್ತಿಗೆ. ಸರಿ ತೊಳ್ಸಿದ ಮೇಲೆ?

ಭಾವ: ಕ್ಯಾಪಿಗೆ ಸರಿಯಾದ ರಿಂಗ್, ವೆಂಟ್ ಪೈಪಿನ ಬಾಯಿ ಕೆಳಗೆ ಬಗ್ಗಿಸಿ, ಸೆಪರೇಟರ್ ಬೌಲ್ ದಿನಾ ಬೆಳಿಗ್ಗೆ ನೋಡಿ. ಬಂಕಲ್ಲಿ ಅಳತೆ ಕೋಲಿಗೆ ಹಚ್ಚುವ ವಾಟರ್ ಪೇಸ್ಟ್ ಉಂಟಲ್ಲ ಅದೊಂದು ಟ್ಯೂಬ್ ತಂದಿಡಿ, ಅಡಿಯಲ್ಲಿ ನೀರಿದ್ರೆ ಬಣ್ಣ ಬದಲಾಗ್ತದೆ. ಮೊದಲ ಟ್ರಿಪ್ಪಿಗೆ ಫಿಲ್ಟರ್ ಎಷ್ಟು ಇಡ್ತೀರೋ ಅದರ ಡಬಲ್ ಇಡಿ

ವೀಣಕ್ಕ: ಸಂತು ಬೇಜಾರ್ ಮಾಡ್ಬೇಡ, ನಿನ್ನ ಬಾಟಲಿಗೂ ಒಂದು ಪರೀಕ್ಷೆ ಕೊಡುವಾ. ಆ ಲೋಳೆ ನೀರು ಸ್ವಲ್ಪ, ಮೇಲೆ ಡೀಸೆಲ್, ಎರಡು ಗಾಜಿನ ಭರಣಿಯಲ್ಲಿ ಒಂದೇ ಅಳತೆ ಹಾಕು. ಒಂದಕ್ಕೆ ಲೇಬಲ್ಲಲ್ಲಿ ಇದ್ದಷ್ಟು ಎಂಜೈಮ್, ಇನ್ನೊಂದು ಹಾಗೇ. ನೆರಳಲ್ಲಿಡು, ಮುಚ್ಚಳ ಬಿಗಿ ಮಾಡ್ಬೇಡ, ದಿನಾ ಫೋಟೋ. ಚಾಪೆ ಬಿಡ್ತದಾ, ನೀರು ಕಲಡ್ತದಾ ಕಣ್ಣಿಗೇ ಕಾಣ್ತದೆ. ಜೀವ ಉಂಟಾ ಅಂತ ಆಮೇಲೆ ನಾನು ಕಾಲೇಜು ಲ್ಯಾಬಲ್ಲಿ ಪ್ಲೇಟಿಗೆ ಹಾಕಿ ಬೆಳೆಯುತ್ತದಾ ಅಂತ ನೋಡ್ತೇನೆ. ತೊಳೆದ ಟ್ಯಾಂಕಿಗೆ ಮುಂದೆ ಹಾಕುದಾ ಬೇಡವಾ ಆಗ ಮಾತಾಡುವಾ

ಭಾವ: ಒಂದು ಮೂರನೇ ಭರಣಿಯೂ ಇಡು, ಬಯೋಸೈಡ್ ಹಾಕಿ

ವೀಣಕ್ಕ: ಸೋಲುದು ಮಾತ್ರ ಗೊತ್ತಿಲ್ಲ ಇವರಿಗೆ. ಇಡು ಸಂತು, ಅದೂ ಇರ್ಲಿ

ಚಿಕ್ಕಪ್ಪ: ಸಂತು ಒಂದು ಬಾಟಲಿ ತಾ. ದುಡ್ಡು ಭರಣಿ ನೋಡಿ ಕೊಡ್ತೇನೆ

ಸಂತು: ಫ್ರೆಂಡ್ ಕ್ಯಾಶ್ ಫಸ್ಟ್ ಅಂತಿದ್ದಾನೆ ಚಿಕ್ಕಪ್ಪ

ಚಿಕ್ಕಪ್ಪ: ಅವನನ್ನೇ ಕರ್ಕೊಂಡು ಬಾ ಧಕ್ಕೆಗೆ, ಲೋಳೆ ಡ್ರಮ್ಮು ಹೊರಲಿಕ್ಕೆ ಒಂದು ಜನ ಕಮ್ಮಿ ಉಂಟು